ಪ್ಲೇಟಿನ ಹಿಂಬದಿಯ ಹಾಡು

ರಾತ್ರಿ ಹನ್ನೊಂದೂವರೆ ಆಗಿತ್ತು, ಮಲಗೋ ಮುಂಚೆ ಒಂದೇ ಒಂದು ಹಾಡು ಕೇಳೋಣ ಅಂತ ಹೆಡ್‌ಫೋನ್ ಹಾಕ್ಕೊಂಡೆ. ನಾನು ಹುಡುಕಿದ್ದು ಕಿಂಗ್ಸ್‌ಮೆನ್ ಅನ್ನೋ ಬ್ಯಾಂಡಿನ ‘ಲೂಯಿ ಲೂಯಿ’, ಕಾಲೇಜಿನ ದಿನಗಳಿಂದ ಗೊತ್ತಿರೋ ಹಾಡು, ಗಿಟಾರ್ ಕಲಿಯೋ ಹುಡುಗರೆಲ್ಲ ಮೊದಮೊದಲು ನುಡಿಸೋದು ಅದನ್ನೇ. ಹುಡುಕಿದಾಗ ಅದರ ಕೆಳಗೆ ಇನ್ನೊಂದು ಬಂತು. ರಿಚರ್ಡ್ ಬೆರ್ರಿ ಅಂಡ್ ದ ಫೇರೋಸ್, 1957, ಫ್ಲಿಪ್ ರೆಕಾರ್ಡ್ಸ್. ಅದನ್ನ ಒತ್ತಿದೆ.

ಅದೇ ಹಾಡು ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಕಿರುಚಾಟ ಇಲ್ಲ, ಗಿಟಾರಿನ ಗರಗರ ಇಲ್ಲ. ನಾವು ಗಿಟಾರಲ್ಲಿ ಬಾರಿಸ್ತಿದ್ದ ಆ ಮೂರು ಪೆಟ್ಟು, ಒಂಚೂರು ಬಿಡುವು, ಮತ್ತೆರಡು ಪೆಟ್ಟು ಇದೆಯಲ್ಲ, ಅದನ್ನಿಲ್ಲಿ ಹಿಂದೆ ನಿಂತ ಹಾಡುಗಾರರು ಬಾಯಲ್ಲೇ ಹೇಳ್ತಾರೆ, ಡಂ ಡಂ ಡಂ, ಡಂ ಡಂ, ದಡಕ್ಕೆ ಕಟ್ಟಿದ ದೋಣಿ ಮೆಲ್ಲಗೆ ಅಲ್ಲಾಡೋ ಹಾಗೆ. ಅದರ ಮೇಲೆ ಒಬ್ಬ ಗಂಡಸಿನ ದನಿ, ದಪ್ಪ ದನಿ, ಅವಸರವೇ ಇಲ್ಲ, ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ಕೇಳಿದ್ರೆ ಸಾಕು ಅನ್ನೋಷ್ಟು ಮೆಲ್ಲಗೆ. ಒಂದೊಂದು ಮಾತೂ ಸ್ಪಷ್ಟ. ಅಷ್ಟು ವರ್ಷದಿಂದ ಕೇಳಿದ ಹಾಡು, ಅದರಲ್ಲಿ ಒಂದು ಕಥೆ ಇದೆ ಅಂತ ನನಗೆ ಗೊತ್ತಾಗಿದ್ದು ಆವತ್ತು ರಾತ್ರಿ.

ಕಥೆ ಇಷ್ಟೇ. ಒಬ್ಬ ನಾವಿಕ, ಪರ ಊರಿನ ಬಾರಿನಲ್ಲಿ ಕೂತಿದಾನೆ. ಗ್ಲಾಸಿಗೆ ಹುಯ್ದುಕೊಡೋನ ಹೆಸರು ಲೂಯಿ. ಅವನ ಹತ್ರ ಹೇಳ್ಕೊಳ್ತಿದಾನೆ, ಲೂಯಿ, ನಾನಿನ್ನು ಹೊರಡಬೇಕು ಕಣೋ, ನನ್ನ ಹುಡುಗಿ ಕಾಯ್ತಿದಾಳೆ. ಮೂರು ಹಗಲು ಮೂರು ರಾತ್ರಿ ಒಬ್ಬನೇ ಹಡಗಲ್ಲಿ ಹೋಗಬೇಕು, ದಾರಿಯುದ್ದಕ್ಕೂ ಅವಳದೇ ನೆನಪು, ಅವಳ ಮುಡಿಯ ಗುಲಾಬಿಯ ವಾಸನೆ ಹಡಗಿನ ಮೇಲೆ ನಿಂತ್ರೂ ಬರುತ್ತೆ, ಮೇಲೆ ಜಮೈಕಾದ ಚಂದ್ರ, ಸೇರಿದ ಮೇಲೆ ಅವಳನ್ನ ತಬ್ಕೊಂಡು ಇನ್ಯಾವತ್ತೂ ಬಿಟ್ಟು ಹೋಗಲ್ಲ ಅಂತೀನಿ. ಮುಗೀತು. ಎರಡು ನಿಮಿಷ ಚಿಲ್ಲರೆ.

ನಮ್ಮ ಕಡೆ ಮನೆಯಿಂದ ಹೊರಡೋವಾಗ ಯಾರೂ ‘ಹೋಗ್ತೀನಿ’ ಅನ್ನಲ್ಲ, ‘ಹೋಗ್ಬರ್ತೀನಿ’ ಅಂತಾರೆ, ಬಾಯ್ತಪ್ಪಿ ಬರೀ ಹೋಗ್ತೀನಿ ಅಂದ್ರೆ ಅಜ್ಜಿ ನಿಲ್ಲಿಸಿ ಮತ್ತೊಮ್ಮೆ ಹೇಳಿಸ್ತಿದ್ರು. ಈ ಹಾಡಲ್ಲಿ ಅವನು ಪದೇ ಪದೇ ಹೇಳೋದು ಹೋಗಬೇಕು, ಹೋಗಬೇಕು ಅಂತಲೇ. ಆದ್ರೆ ಅವನು ಹೊರಟಿರೋದು ಮನೆಗೆ. ಅವನ ‘ಹೋಗಬೇಕು’ ಒಳಗೆ ‘ಬಂದೆ, ಬಂದೆ’ ಅನ್ನೋದು ಕೇಳ್ಸುತ್ತೆ. ಕಿಂಗ್ಸ್‌ಮೆನ್ ಹಾಡಿದ್ದರಲ್ಲಿ ಅದು ನನಗೆ ಒಂದು ಸಲವೂ ಕೇಳಿಸಿರಲಿಲ್ಲ.

ರಿಚರ್ಡ್ ಬೆರ್ರಿ ನಾವಿಕ ಅಲ್ಲ. 1935ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದವನು, ಎಳೆಗೂಸಾಗಿದ್ದಾಗಲೇ ಮನೆಯವರು ಲಾಸ್ ಏಂಜಲೀಸಿಗೆ ಬಂದ್ರು. ಚಿಕ್ಕವನಿದ್ದಾಗ ಸೊಂಟಕ್ಕೆ ಪೆಟ್ಟಾಗಿ ಊರುಗೋಲು ಹಿಡ್ಕೊಂಡು ಓಡಾಡ್ತಿದ್ದ. ಓದಿದ್ದು ಅಲ್ಲಿನ ಜೆಫರ್ಸನ್ ಹೈಸ್ಕೂಲಲ್ಲಿ, ಐವತ್ತರ ದಶಕದಲ್ಲಿ ಲಾಸ್ ಏಂಜಲೀಸಿನ ಕಪ್ಪು ಹುಡುಗರ ಎಷ್ಟೋ ಹಾಡಿನ ಗುಂಪುಗಳು ಆ ಸ್ಕೂಲಿಂದಲೇ ಹೊರಟವು. ಹದಿನೆಂಟು ತುಂಬೋ ಹೊತ್ತಿಗೆ ದ ಫ್ಲೇರ್ಸ್ ಅನ್ನೋ ಗುಂಪಲ್ಲಿ ರೆಕಾರ್ಡಿಂಗ್ ಮಾಡ್ತಿದ್ದ.

ಆಮೇಲೆ ನಡೆದಿದ್ದನ್ನ ಓದ್ತಾ ಓದ್ತಾ ನನಗೆ ಇವನ ದನಿ ಮೇಲೆ ಒಂಥರಾ ಮಮತೆ ಹುಟ್ಟಿಬಿಡ್ತು. ಲೀಬರ್ ಮತ್ತು ಸ್ಟೋಲರ್ ಅಂತ ಇಬ್ಬರು ಹಾಡು ಬರೆಯೋರು, ಅವರದೇ ಒಂದು ಪುಟ್ಟ ಕಂಪನಿ ಇತ್ತು, ಸ್ಪಾರ್ಕ್ ಅಂತ. 1954ರಲ್ಲಿ ದ ರಾಬಿನ್ಸ್ ಗುಂಪಿಗೆ ಜೈಲಿನ ದಂಗೆ ಬಗ್ಗೆ ಒಂದು ಹಾಡು ಮಾಡಿದ್ರು. ಅದಕ್ಕೆ ಕೇಳಿದವರ ಮೈ ಜುಮ್ಮನ್ನಬೇಕು ಅಂಥ ದಪ್ಪ ದನಿ ಬೇಕಿತ್ತು, ಬೆರ್ರಿಯನ್ನ ಕರೆಸಿದ್ರು. ಅವನು ಬೇರೆ ಕಂಪನಿ ಜೊತೆ ಒಪ್ಪಂದದಲ್ಲಿದ್ದ, ಹಾಗಾಗಿ ಗ್ರಾಮಫೋನ್ ಪ್ಲೇಟಿನ ಮೇಲೆ ಹೆಸರು ಬರಲಿಲ್ಲ. ಇನ್ನೊಂದು, ಎಟ್ಟಾ ಜೇಮ್ಸ್ ಆಗಿನ್ನೂ ಹದಿಹರೆಯದ ಹುಡುಗಿ, 1955ರಲ್ಲಿ ಬಂದ ಅವಳ ಮೊದಲನೇ ದೊಡ್ಡ ಹಿಟ್ಟಿನಲ್ಲಿ ಹೆನ್ರಿ ಅನ್ನೋ ಗಂಡಸಿನ ಹತ್ರ ಮಾತಾಡ್ತಾಳೆ, ಆ ಹೆನ್ರಿಯ ದನಿ ಇವನದೇ. ರಿದಮ್ ಅಂಡ್ ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತ, ಅದರಲ್ಲಿ ಯಾವ ಹಾಡು ಹೆಚ್ಚು ಓಡ್ತಿದೆ ಅಂತ ಹೇಳೋ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋದ ಹಾಡು ಅದು. ಇಪ್ಪತ್ತು ವರ್ಷದ ಹುಡುಗ, ದನಿ ದೇಶದ ತುಂಬಾ ರೇಡಿಯೋದಲ್ಲಿ ಬರ್ತಿದೆ, ಬೀದಿಯಲ್ಲಿ ಹೋದ್ರೆ ಯಾರಿಗೂ ಅವನು ಯಾರು ಅಂತ ಗೊತ್ತಿಲ್ಲ.

‘ಲೂಯಿ ಲೂಯಿ’ ಹುಟ್ಟಿದ್ದು 1955ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಆ್ಯನಹೈಮ್ ಊರಿನ ಹಾರ್ಮನಿ ಪಾರ್ಕ್ ಅನ್ನೋ ಡಾನ್ಸ್ ಹಾಲಲ್ಲಿ. ಅಲ್ಲಿ ರಿಲ್ಲೆರಾ ಸಹೋದರರ ರಿದಮ್ ರಾಕರ್ಸ್ ಬ್ಯಾಂಡ್ ಲ್ಯಾಟಿನ್ ಸಂಗೀತವನ್ನೂ ರಿದಮ್ ಅಂಡ್ ಬ್ಲೂಸನ್ನೂ ಸೇರಿಸಿ ನುಡಿಸ್ತಿತ್ತು, ಬೆರ್ರಿ ಅವರ ಜೊತೆ ಹಾಡ್ತಿದ್ದ. ಅವನ ಸರದಿ ಇನ್ನೂ ಬಂದಿರಲಿಲ್ಲ, ಒಳಗೆ ಕೂತು ಕಾಯ್ತಿದ್ದ. ಹೊರಗೆ ಬ್ಯಾಂಡಿನವರು ರೆನೆ ಟುಝೆ ಅನ್ನೋ ಕ್ಯೂಬಾದ ಸಂಗೀತಗಾರನ ಚಾ ಚಾ ಡಾನ್ಸಿನ ಒಂದು ಹಾಡು ಶುರು ಮಾಡಿದ್ರು, ಅದರ ಎತ್ತುಗಡೆಯಲ್ಲೇ ಆ ಮೂರು ಪೆಟ್ಟು ಎರಡು ಪೆಟ್ಟು. ಅದು ತಲೆಗೆ ಹತ್ಕೊಂಡುಬಿಡ್ತು. ಕೈಗೆ ಸಿಕ್ಕಿದ ಕಾಗದದ ಚೂರಿನ ಮೇಲೆ ಸಾಲು ಬರ್ಕೊಂಡ. ಅಂದ್ರೆ ಅಮೆರಿಕದ ರಾಕ್ ಹಾಡುಗಳ ತಾಯಿಬೇರು ಅಂತ ಎಲ್ಲರೂ ಹೇಳೋ ಆ ಐದು ಪೆಟ್ಟು ಹವಾನಾದ ಕಡೆಯಿಂದ ಬಂದಿದ್ದು. ಬೆರ್ರಿ ಇದನ್ನ ಯಾವತ್ತೂ ಮುಚ್ಚಿಡಲಿಲ್ಲ.

ಎರಡು ವರ್ಷ ಆದ್ಮೇಲೆ, 1957ರ ಏಪ್ರಿಲ್‌ನಲ್ಲಿ, ಫ್ಲಿಪ್ ಕಂಪನಿಯಿಂದ ಪ್ಲೇಟು ಬಂತು. ಮ್ಯಾಕ್ಸ್ ಫೀರ್ಟ್ಯಾಗ್ ಅಂತ ಮಾಲೀಕ, ಲಾಸ್ ಏಂಜಲೀಸಿನ ಸಣ್ಣ ಕಂಪನಿ. ಆಗ ಆ ಊರಲ್ಲಿ ಇಂಥವು ಬೇಕಾದಷ್ಟಿದ್ವು, ಮಾಡರ್ನ್, ಸ್ಪೆಷಾಲಿಟಿ, ಅಲಾಡಿನ್, ಇಂಪೀರಿಯಲ್, ಇವು ಸ್ವಲ್ಪ ದೊಡ್ಡವು, ಫ್ಲಿಪ್ ಅದಕ್ಕಿಂತ ಚಿಕ್ಕದು. ದೊಡ್ಡ ಕಂಪನಿಗಳು ಕಪ್ಪು ಜನರ ಸಂಗೀತದ ಕಡೆ ಅಷ್ಟಾಗಿ ತಿರುಗಿ ನೋಡ್ತಿರಲಿಲ್ಲ, ಆ ಜಾಗವನ್ನ ತುಂಬಿದ್ದು ಇವರು. ಬಿಲ್‌ಬೋರ್ಡ್ ಅನ್ನೋ ಸಂಗೀತ ವ್ಯಾಪಾರದ ಪತ್ರಿಕೆ 1949ರವರೆಗೂ ಆ ಸಂಗೀತವನ್ನ ‘ರೇಸ್ ರೆಕಾರ್ಡ್ಸ್’ ಅನ್ನೋ ಪಟ್ಟಿಯಲ್ಲಿ ಹಾಕ್ತಿತ್ತು, ಆ ವರ್ಷ ಹೆಸರು ಬದಲಾಯಿಸಿ ರಿದಮ್ ಅಂಡ್ ಬ್ಲೂಸ್ ಅಂತ ಮಾಡ್ತು.

ಈ ಪ್ಲೇಟಿನ ಬಗ್ಗೆ ಒಂಚೂರು ಹೇಳಬೇಕು. ಏಳು ಇಂಚು ಅಗಲ, ಮಧ್ಯೆ ದೊಡ್ಡ ತೂತು, ನಿಮಿಷಕ್ಕೆ 45 ಸುತ್ತು. ಒಂದು ಬದಿಗೆ ಒಂದೇ ಹಾಡು. ಕಂಪನಿಯವರು ದುಡ್ಡು ಹಾಕಿ ರೇಡಿಯೋದವರಿಗೆ ಕೇಳಿಸೋದು ಮುಂಬದಿಯನ್ನ, ಹಿಂಬದಿ ಖಾಲಿ ಬಿಡೋಕಾಗಲ್ಲ ಅಂತ ಅಲ್ಲಿ ಇನ್ನೊಂದು. ಬೆರ್ರಿಯ ಪ್ಲೇಟಿನ ಮುಂಬದಿಯಲ್ಲಿ ಇದ್ದಿದ್ದು ‘ಯು ಆರ್ ಮೈ ಸನ್‌ಶೈನ್’, ಎಲ್ಲರಿಗೂ ಬಾಯಿಪಾಠ ಆಗಿದ್ದ ಹಳೇ ಹಾಡು, ಅವನು ಹುಟ್ಟಿದ ಲೂಸಿಯಾನಾಕ್ಕೆ ಗವರ್ನರ್ ಆಗಿದ್ದ ಜಿಮ್ಮಿ ಡೇವಿಸ್ ಹೆಸರಲ್ಲಿ ಪ್ರಸಿದ್ಧವಾದದ್ದು. ಅವನ ಸ್ವಂತ ಹಾಡು ಹಿಂದೆ. ರೇಡಿಯೋದಲ್ಲಿ ಪ್ಲೇಟು ಹಾಕೋರು ತಿರುವಿ ಹಾಕಿ ನೋಡಿದ್ರು, ಹಿಂದಿಂದೇ ಚೆನ್ನಾಗಿದೆ ಅನ್ನಿಸ್ತು, ಪಶ್ಚಿಮ ತೀರದ ಊರುಗಳಲ್ಲಿ ಅದೇ ಓಡ್ತು. 40,000 ಪ್ರತಿ ಮಾರಾಟ ಆಯ್ತು ಅಂತ ಕಂಪನಿಯ ಲೆಕ್ಕ. ದೇಶದ ಪಟ್ಟಿಗಳಲ್ಲಿ ಎಲ್ಲೂ ಬರಲಿಲ್ಲ, ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲೂ ಇಲ್ಲ.

40,000 ಅಂದ್ರೆ ಕಮ್ಮಿ ಏನಲ್ಲ ಅನ್ನಿಸಬಹುದು, ನನಗೂ ಹಾಗೇ ಅನ್ನಿಸ್ತು, ಲೆಕ್ಕ ಹಾಕೋವರೆಗೆ. ಅಮೆರಿಕದ ಕಾನೂನಿನಲ್ಲಿ 1909ರಿಂದ 1977ರವರೆಗೆ ಒಂದು ಪ್ರತಿಯ ಮೇಲಿನ ಒಂದು ಹಾಡಿಗೆ ರಾಯಲ್ಟಿ 2 ಸೆಂಟ್. ಸುಮಾರು ಎಪ್ಪತ್ತು ವರ್ಷ ಅದೇ 2 ಸೆಂಟ್. ಅದರಲ್ಲಿ ವಾಡಿಕೆಯಂತೆ ಅರ್ಧ ಪಬ್ಲಿಷರ್‌ಗೆ, ಅಂದ್ರೆ ಹಾಡಿನ ಹಕ್ಕು ಇಟ್ಕೊಂಡಿರೋನಿಗೆ, ಅರ್ಧ ಬರೆದವನಿಗೆ. ಅಂದ್ರೆ ಬರೆದವನಿಗೆ ಪ್ರತಿಗೊಂದು ಸೆಂಟ್, 40,000 ಪ್ರತಿಗೆ 400 ಡಾಲರ್. ಸಣ್ಣ ಕಂಪನಿಗಳಲ್ಲಿ ಎಷ್ಟೋ ಕಡೆ ಪಬ್ಲಿಷರ್ ಕೂಡ ಕಂಪನಿಯ ಮಾಲೀಕನೇ ಆಗಿರ್ತಿದ್ದ, ಫ್ಲಿಪ್‌ನಲ್ಲೂ ಹಾಗೇ.

1959ರಲ್ಲಿ ಬೆರ್ರಿಗೆ ಮದುವೆ, ಕೈಯಲ್ಲಿ ದುಡ್ಡಿಲ್ಲ. ‘ಲೂಯಿ ಲೂಯಿ’ಯನ್ನೂ ಜೊತೆಗೆ ಇನ್ನೊಂದಿಷ್ಟು ಹಾಡನ್ನೂ ಫೀರ್ಟ್ಯಾಗ್‌ಗೆ ಮಾರಿದ. 750 ಡಾಲರ್.

ಈ ಕಥೆ ಹೇಳೋರೆಲ್ಲ ಇಲ್ಲಿ ಬಂದು ‘ಅಯ್ಯೋ ಪೆದ್ದ’ ಅಂತಾರೆ, ನಾನು ಓದಿದ ಕಡೆಯೆಲ್ಲ ಹಾಗೇ ಇದೆ. ನನಗೆ ಹಾಗೆ ಅನ್ಸಲ್ಲ. ಅವನ ಜಾಗದಲ್ಲಿ ನಿಂತು ನೋಡಿ. ಎರಡು ವರ್ಷ ಹಳೇ ಹಾಡು, ಓಡಿದ್ದಷ್ಟು ಓಡಿ ನಿಂತಿದೆ, ಕಾನೂನಿನ ಲೆಕ್ಕದಲ್ಲಿ ಪ್ಲೇಟು ಮಾರಿ ಅದಕ್ಕೆ ಬರಬೇಕಾಗಿದ್ದದ್ದು 400 ಡಾಲರ್, ಈಗ ಒಬ್ಬ ಬಂದು 750 ಕೈಗೆ ಕೊಡ್ತೀನಿ ಅಂತಿದಾನೆ, ಮನೆಯಲ್ಲಿ ಮದುವೆ. ಮದುವೆ ಖರ್ಚಿಗೆ ಹೊಲ ಮಾರಿದವರನ್ನ, ಬಳೆ ಅಡ ಇಟ್ಟವರನ್ನ ನಾವೆಲ್ಲ ನೋಡಿದೀವಿ, ಅವರನ್ನ ಪೆದ್ದರು ಅಂತ ನಾವ್ಯಾರೂ ಕರೆಯಲ್ಲ. ಹೊಲದ ಕೆಳಗೆ ಮುಂದೆ ಏನು ಸಿಗುತ್ತೆ ಅಂತ ಮಾರೋ ದಿನ ಯಾರಿಗೆ ಗೊತ್ತಿರುತ್ತೆ. ಸಂಕಟ ಆಗೋದು ಬೇರೆ ವಿಷಯಕ್ಕೆ, ಮಾರಬೇಕಾಗಿ ಬಂದ ಆ ಲೆಕ್ಕಕ್ಕೆ. ಹಾಡು ಹುಟ್ಟಿಸಿದವನಿಗೆ ಪ್ರತಿಗೊಂದು ಸೆಂಟ್ ಅನ್ನೋ ಲೆಕ್ಕಕ್ಕೆ.

ಆ ಪ್ಲೇಟುಗಳಲ್ಲಿ ಒಂದಿಷ್ಟು ಉತ್ತರಕ್ಕೆ ಹೋದ್ವು, ವಾಷಿಂಗ್ಟನ್ ಮತ್ತು ಆರೆಗಾನ್ ರಾಜ್ಯಗಳಿಗೆ. ಅಲ್ಲಿ ಟಕೋಮಾ, ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಶನಿವಾರದ ಡಾನ್ಸುಗಳಿಗೆ ನುಡಿಸೋ ಹುಡುಗರ ಬ್ಯಾಂಡುಗಳು ಇದನ್ನ ಎತ್ಕೊಂಡ್ವು, ಮಳೆಗಾಲದ ಬಳ್ಳಿ ಥರ ಒಂದರಿಂದ ಒಂದಕ್ಕೆ ಹಬ್ತು. 1961ರಲ್ಲಿ ರಾಕಿನ್ ರಾಬಿನ್ ರಾಬರ್ಟ್ಸ್ ಅನ್ನೋ ಗಾಯಕ ಟಕೋಮಾದ ವೇಲರ್ಸ್ ಜೊತೆ ಎಟಿಕೆಟ್ ಅನ್ನೋ ಇನ್ನೊಂದು ಪುಟ್ಟ ಕಂಪನಿಗೆ ಹಾಡಿದ. ಹಾಡಿಗೆ ಗಲಾಟೆ ಬಂದಿದ್ದು ಅಲ್ಲಿಂದ. 1963ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡಿನ ಒಂದೇ ಸ್ಟುಡಿಯೋದಲ್ಲಿ, ಹೆಚ್ಚು ಕಮ್ಮಿ ಒಂದೇ ವಾರದಲ್ಲಿ, ಎರಡು ಬ್ಯಾಂಡುಗಳು ಇದೇ ಹಾಡನ್ನ ರೆಕಾರ್ಡ್ ಮಾಡಿದ್ವು, ಪಾಲ್ ರಿವೀರ್ ಅಂಡ್ ದ ರೈಡರ್ಸ್, ಇನ್ನೊಂದು ಕಿಂಗ್ಸ್‌ಮೆನ್.

ಕಿಂಗ್ಸ್‌ಮೆನ್ ಗಾಯಕ ಜಾಕ್ ಈಲಿ, ಹಲ್ಲಿಗೆ ಕ್ಲಿಪ್ ಹಾಕಿಸ್ಕೊಂಡಿದ್ದ ಹುಡುಗ. ಮೈಕು ಮೇಲೆಲ್ಲೋ ನೇತಾಡ್ತಿತ್ತು, ಕತ್ತೆತ್ತಿ, ವಾದ್ಯಗಳ ಸದ್ದಿನ ಮೇಲೆ ಕೂಗಿ ಹಾಡಬೇಕಾಯ್ತು. ಗಿಟಾರ್ ಸೋಲೋ ಮುಗಿದ ತಕ್ಷಣ ಅವಸರಪಟ್ಟು ಮೊದಲೇ ಎತ್ಕೊಂಡುಬಿಟ್ಟ, ತಪ್ಪು ಅಂತ ಗೊತ್ತಾಗಿ ನಿಲ್ಲಿಸಿದ, ಡ್ರಮ್ಮಿನವನು ಆ ಸಂದನ್ನ ಮುಚ್ಚಿದ, ಮತ್ತೆ ಶುರು ಮಾಡಿದ್ರು. ತಪ್ಪು ಹಾಗೇ ಪ್ಲೇಟಿಗೆ ಹೋಯ್ತು. ನನಗೆ ಆ ತಪ್ಪು ಇವತ್ತಿಗೂ ಇಷ್ಟ, ಅದಿಲ್ದೇ ಆ ರೆಕಾರ್ಡಿಂಗ್ ಇಲ್ಲ. ಆ ವರ್ಷದ ಕೊನೆಗೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನ. ಆದ್ರೆ ಮಾತು ಒಂದೂ ಗೊತ್ತಾಗಲ್ಲ. ನಾವಿಕ, ಹಡಗು, ಗುಲಾಬಿ, ಎಲ್ಲ ಮುಳುಗಿಹೋಯ್ತು.

ಕೇಳಿಸದೇ ಇರೋ ಕಡೆ ಜನ ತಮಗೆ ಬೇಕಾದ್ದನ್ನ ಕೇಳಿಸ್ಕೊಳ್ತಾರೆ. ಇದರಲ್ಲಿ ಹೊಲಸು ಮಾತಿದೆ ಅಂತ ಸುದ್ದಿ ಹಬ್ಬಿತು, ಹುಡುಗರು ಟೈಪ್ ಮಾಡಿದ ಹಾಳೆಗಳನ್ನ ಕೈಯಿಂದ ಕೈಗೆ ದಾಟಿಸಿದ್ರು, ಒಂದೊಂದು ಹಾಳೆಯಲ್ಲಿ ಒಂದೊಂದು ಥರ. 1964ರ ಆರಂಭದಲ್ಲಿ ಇಂಡಿಯಾನಾ ರಾಜ್ಯದ ಗವರ್ನರ್ ಮ್ಯಾಥ್ಯೂ ವೆಲ್ಷ್ ಇದು ಅಶ್ಲೀಲ ಅಂದ್ರು, ರೇಡಿಯೋದವರು ಹಾಕಬಾರದು ಅಂತ ಕೇಳ್ಕೊಂಡ್ರು. ಮಗುವಿನ ಹತ್ರ ಆ ಪ್ಲೇಟು ನೋಡಿ ಗಾಬರಿಯಾದ ಪೋಷಕರೊಬ್ಬರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಕಾಗದ ಬರೆದ್ರು. ವಿಷಯ ಎಫ್‌ಬಿಐಗೆ ಹೋಯ್ತು. ಲ್ಯಾಬಿನಲ್ಲಿ ಪ್ಲೇಟನ್ನ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿದ್ರು. ನೂರಕ್ಕೂ ಹೆಚ್ಚು ಪುಟದ ಫೈಲು, ಅದು ಈಗ ಎಲ್ಲರಿಗೂ ಓದೋಕೆ ಸಿಗುತ್ತೆ. ಕೊನೆಗೆ ಬರೆದಿದ್ದು ಏನು ಅಂದ್ರೆ, ಯಾವ ವೇಗದಲ್ಲಿ ಹಾಕಿದ್ರೂ ಅರ್ಥ ಆಗ್ತಿಲ್ಲ.

ಹಾಡು ಬರೆದವನನ್ನ ಮಾತ್ರ ಯಾರೂ ಹೋಗಿ ಕೇಳಲಿಲ್ಲ. ಅವನು ಲಾಸ್ ಏಂಜಲೀಸಿನಲ್ಲೇ ಇದ್ದ, ರಾತ್ರಿ ಕ್ಲಬ್ಬುಗಳಲ್ಲಿ ಹಾಡ್ತಿದ್ದ. ಆರೇಳು ವರ್ಷ ಹಿಂದೆಯೇ ಅವನು ಹಾಡಿದ ಪ್ಲೇಟು ಇತ್ತು, 40,000 ಜನರ ಮನೆಯಲ್ಲಿ ಇತ್ತು, ಅದರಲ್ಲಿ ಪ್ರತಿ ಅಕ್ಷರ ಬಿಡಿಸಿಟ್ಟ ಕಡಲೆಕಾಯಿ ಥರ ಕಾಣ್ತಿತ್ತು. ಎರಡು ನಿಮಿಷದ ಕೆಲಸ. ನಾನು ಇದನ್ನ ಓದಿದ ದಿನ ನನಗೆ ಸಿಟ್ಟು ಬಂದಿತ್ತು, ಈಗ ಸಿಟ್ಟಿಗಿಂತ ಜಾಸ್ತಿ ಬೇಜಾರು. ಆ ದನಿಗೆ ಹಾಗೇ ಆಗ್ತಾ ಬಂತಲ್ಲ ಅಂತ. ಮೊದಲು ರಾಬಿನ್ಸ್ ಹೆಸರಿನ ಹಿಂದೆ, ಆಮೇಲೆ ಎಟ್ಟಾ ಜೇಮ್ಸ್ ಹೆಸರಿನ ಹಿಂದೆ, ಆಮೇಲೆ ಪ್ಲೇಟಿನ ಹಿಂಬದಿಯಲ್ಲಿ, ಕೊನೆಗೆ ತನ್ನದೇ ಹಾಡಿನ ಗದ್ದಲದ ಹಿಂದೆ.

ಮುಂದಿನದನ್ನ ಬೇಗ ಹೇಳಿಬಿಡ್ತೀನಿ. ಹಾಡು ಪ್ರಪಂಚ ಸುತ್ತಿತು, ಸಾವಿರಕ್ಕೂ ಹೆಚ್ಚು ಜನ ಹಾಡಿದ್ರು. 1983ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕೆಎಫ್‌ಜೆಸಿ ಅನ್ನೋ ಕಾಲೇಜ್ ರೇಡಿಯೋ 63 ಗಂಟೆ ಹೊತ್ತು ಈ ಒಂದೇ ಹಾಡಿನ ಬೇರೆ ಬೇರೆ ರೆಕಾರ್ಡಿಂಗ್ ಹಾಕ್ತು, 800ಕ್ಕೂ ಹೆಚ್ಚು. ಅಲ್ಲಿಗೆ ಬೆರ್ರಿಯನ್ನೂ ಕರೆಸಿದ್ರು, ಜಾಕ್ ಈಲಿಯನ್ನೂ ಕರೆಸಿದ್ರು. ಮೆಲ್ಲಗೆ ಹೇಳಿದವನು, ಕೂಗಿ ಹೇಳಿದವನು, ಇಬ್ಬರೂ ಒಂದೇ ಕಡೆ. ಅವರು ಏನು ಮಾತಾಡ್ಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ.

ಎಂಬತ್ತರ ದಶಕದ ನಡುವೆ ಬೆರ್ರಿ ಲಾಸ್ ಏಂಜಲೀಸಿನ ದಕ್ಷಿಣ ಭಾಗದಲ್ಲಿ ತಾಯಿ ಮನೆಯಲ್ಲಿ ಇದ್ದ, ಸರ್ಕಾರದ ಸಹಾಯಧನದ ಮೇಲೆ ಜೀವನ. ಕ್ಯಾಲಿಫೋರ್ನಿಯಾ ಕೂಲರ್ ಅನ್ನೋ ಪಾನೀಯದ ಕಂಪನಿಗೆ ಜಾಹೀರಾತಿಗೆ ಈ ಹಾಡು ಬೇಕಾಯ್ತು, ಅದಕ್ಕೆ ಬರೆದವನ ಸಹಿ ಬೇಕು ಅಂತ ಗೊತ್ತಾಯ್ತು. ಹುಡುಕ್ಕೊಂಡು ಬಂದ ಲಾಯರ್, ನಿನ್ನ ಹಕ್ಕು ನೀನು ವಾಪಸ್ ಕೇಳಬಹುದಲ್ಲ ಅಂದ. ಪಬ್ಲಿಷರ್‌ಗಳು ಕೋರ್ಟಿನ ಹೊರಗೇ ರಾಜಿಗೆ ಬಂದ್ರು. ಐವತ್ತು ದಾಟಿದ ಮೇಲೆ ಬೆರ್ರಿ ಲಕ್ಷಾಧೀಶ ಆದ, ಡಾಲರ್ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಸಿಕ್ತಲ್ಲ, ಅದು ನನಗೆ ನಿಜವಾಗ್ಲೂ ಖುಷಿ ಕೊಟ್ಟ ವಿಷಯ, ಇಂಥ ಕಥೆಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಅಷ್ಟೂ ಸಿಗಲಿಲ್ಲ. 1996ರ ಫೆಬ್ರವರಿಯಲ್ಲಿ ಲಾಂಗ್ ಬೀಚ್‌ನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಹಳೇ ಫೇರೋಸ್ ಗುಂಪಿನವರ ಜೊತೆ ಮತ್ತೆ ನಿಂತು ಹಾಡಿದ. ಅದೇ ಕೊನೆ. 1997ರ ಜನವರಿಯಲ್ಲಿ ತೀರಿಕೊಂಡ.

ನೀವು ಈ ಹಾಡು ಕೇಳೋದಾದ್ರೆ 1957ರ ರೆಕಾರ್ಡಿಂಗನ್ನೇ ಹುಡುಕಿ ಕೇಳಿ, ಬೆರ್ರಿ ಆಮೇಲೆ ಮತ್ತೆ ಹಾಡಿದ್ದೂ ಇದೆ, ಅದು ಬೇರೆ. ರಾತ್ರಿ ಹೊತ್ತು ಕೇಳಿ. ಲೂಯಿ ಅಂತ ಅವನು ಹೆಸರು ಹಿಡಿದು ಕರೆಯೋ ರೀತಿ ಗಮನಿಸಿ, ಪ್ರತಿ ಸಲ ಒಂಚೂರು ಬೇರೆ, ಒಂದು ಸಲ ಸುಮ್ಮನೆ ಕರೆದ ಹಾಗೆ, ಒಂದು ಸಲ ಬೇಡಿಕೊಂಡ ಹಾಗೆ. ಲೂಯಿ ಇಡೀ ಹಾಡಲ್ಲಿ ಒಂದು ಮಾತೂ ಆಡಲ್ಲ. ಎದುರಿಗೆ ಇದಾನೋ, ಗ್ಲಾಸು ಒರೆಸ್ಕೊಂಡು ಆ ಕಡೆ ಹೋದನೋ ಅದೂ ಗೊತ್ತಾಗಲ್ಲ. ನನಗೆ ಅಲ್ಲೇ ಗಂಟಲು ಕಟ್ಟೋದು.

ಮೊನ್ನೆ ಭಾನುವಾರ ಇದನ್ನೆಲ್ಲ ಬರೆಯೋಕೆ ಕೂತಿದ್ದೆ, ಹೆಡ್‌ಫೋನ್ ಇಲ್ದೇ ಮೊಬೈಲಲ್ಲೇ ಹಾಕಿ ಒಂದರ ಮೇಲೊಂದು ನಾಲ್ಕೈದು ಸಲ ಕೇಳಿದೆ. ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸ್ತಿದ್ರು. ಅವರಿಗೆ ಇಂಗ್ಲಿಷ್ ಬರಲ್ಲ. ಕೈ ನಿಲ್ಲಿಸದೇ ಕೇಳಿದ್ರು.

‘ಏನಂತೋ ಅವನಿಗೆ?’

‘ಮನೆಗೆ ಹೋಗಬೇಕಂತಮ್ಮ. ಹೆಂಡತಿ ಆಗೋಳು ಕಾಯ್ತಿದಾಳಂತೆ.’

ಅಮ್ಮ ಇನ್ನೆರಡು ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದ್ರು.

‘ಹೊರಡ್ಲಿ ಪಾಪ, ಆಗ್ಲಿಂದ ಹೇಳ್ತಾನೇ ಇದಾನೆ.’